ಚಪ್ಪಡಿ ಕಲ್ಲಿನ ಪ್ರಣಾಳಿಕೆ

ಚುನಾವಣಾ ಪ್ರಣಾಳಿಕೆಯನ್ನು ಹೇಗೆ ಬರೆಯುತ್ತಾರೆ ಎಂಬ ಬಗ್ಗೆ ನಾನು ಬಹಳ ವರ್ಷ ತಪ್ಪು ತಿಳಿದುಕೊಂಡಿದ್ದೆ. ತಿಳಿದುಕೊಂಡಿದ್ದು ಮಾತ್ರವಲ್ಲ, ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಷ್ಟು ಕಾಲವೂ ಮಕ್ಕಳಿಗೆ ಅದನ್ನೇ ಕಲಿಸಿದೆ. ತಿಳಿದವರು ನಾಲ್ಕು ಜನ ಕೂತು, ಊರಿಗೆ ಏನು ಬೇಕು ಎಂದು ಯೋಚಿಸಿ, ಬೇಕಾದದ್ದನ್ನು ಒಂದರ ಕೆಳಗೊಂದು ಬರೆದರೆ ಅದೇ ಪ್ರಣಾಳಿಕೆ ಎಂಬುದು ನನ್ನ ನಂಬಿಕೆಯಾಗಿತ್ತು. ಈಗ ಗೊತ್ತಾಗಿದೆ. ಪ್ರಣಾಳಿಕೆಯನ್ನು ಯಾರೂ ಕೂತು ಬರೆಯುವುದಿಲ್ಲ. ನಿಂತೇ ಬರೆಯುತ್ತಾರೆ, ಅದೂ ಸಿಟ್ಟಿನಲ್ಲಿ, ಎದುರಿನವನು ಏನು ಬರೆದ ಎಂದು ಕತ್ತು ಉದ್ದ ಮಾಡಿ ನೋಡುತ್ತಾ. ಊರಿಗೆ ಏನು ಬೇಕು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಅವರಿಗೆ ಏನು ಬೇಕು ಎಂದು ತಿಳಿದರೆ ಸಾಕು, ನಮಗೆ ಏನು ಬೇಡ ಎಂಬುದು ತಾನಾಗಿಯೇ ತೀರ್ಮಾನವಾಗುತ್ತದೆ. ಈ ಜ್ಞಾನ ನನಗೆ ಪುಸ್ತಕದಿಂದ ಬಂದದ್ದಲ್ಲ. ನನ್ನ ಮನೆಯ ಮುಂದಿನ ಚರಂಡಿಯಿಂದ ಬಂದದ್ದು.

ಪಕ್ಷಗಳ ಹೆಸರನ್ನು ನಾನು ಹೇಳುವುದಿಲ್ಲ. ನ್ಯಾಮತಿಯಲ್ಲಿ ನನಗೆ ಸ್ವಂತ ಮನೆಯಿದೆ, ಮುಂದೆಯೂ ಅದರಲ್ಲೇ ಇರಬೇಕು. ನಮ್ಮ ಬೀದಿಯ ಸವಳಂಗದ ಕಡೆಯ ತುದಿಯಲ್ಲಿ ಹಾಲೇಶನ ಮನೆ, ಹೊನ್ನಾಳಿ ಕಡೆಯ ತುದಿಯಲ್ಲಿ ತಿಪ್ಪೇಶನ ಮನೆ. ಇಬ್ಬರೂ ನನ್ನ ಶಿಷ್ಯರು. ಒಂದೇ ಬೆಂಚಿನಲ್ಲಿ ಕೂತು, ಒಂದೇ ಕಾಪಿಯಿಂದ ನೋಡಿ ಬರೆದು, ಒಂದೇ ತಪ್ಪನ್ನು ಮಾಡಿ ಪಾಸಾದವರು. ಈಗ ಒಬ್ಬ ಒಂದು ಪಕ್ಷದ ಬೆಂಬಲಿಗರಿಗೆ ಮುಂದಾಳು, ಇನ್ನೊಬ್ಬ ಇನ್ನೊಂದು ಪಕ್ಷದವರಿಗೆ. ಒಬ್ಬನ ಮನೆಯ ಶುಭಕಾರ್ಯಕ್ಕೆ ಇನ್ನೊಬ್ಬ ಹೋಗುವುದಿಲ್ಲ. ಒಬ್ಬ ಹೋದ ಹೋಟೆಲಿನಲ್ಲಿ ಇನ್ನೊಬ್ಬ ಚಹಾ ಕುಡಿಯುವುದಿಲ್ಲ. ಅವರ ಅಭ್ಯರ್ಥಿಗಳು ಮಾತ್ರ ಎದುರಾದಾಗ ಹೆಗಲ ಮೇಲೆ ಕೈಹಾಕಿ ಮಾತಾಡುತ್ತಾರೆ ಎಂದು ಕೇಳಿದ್ದೇನೆ. ನಾನು ಕಣ್ಣಾರೆ ನೋಡಿಲ್ಲವಾದ್ದರಿಂದ ಅದಕ್ಕೆ ಸಾಕ್ಷಿ ಹೇಳಲಾರೆ.

ನಾನು ಈ ವ್ಯವಹಾರದ ನಡುವೆ ಸಿಕ್ಕಿಕೊಂಡದ್ದು ನನ್ನ ಗಂಟಲಿನಿಂದಾಗಿ. ನನ್ನದು ದೊಡ್ಡ ಧ್ವನಿ. ಶಾಲೆಯ ವಾರ್ಷಿಕೋತ್ಸವದಿಂದ ಹಿಡಿದು ಮದುವೆ ಮನೆಯಲ್ಲಿ ‘ದಯವಿಟ್ಟು ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು’ ಎನ್ನುವವರೆಗೆ, ಸುತ್ತಮುತ್ತ ಮೈಕು ಇದ್ದಲ್ಲೆಲ್ಲ ನಾನಿರುತ್ತಿದ್ದೆ. ನಿವೃತ್ತಿಯಾದ ಮೇಲೆ ಪ್ರಚಾರದ ಆಟೋಗಳಿಗೂ ನನ್ನ ಧ್ವನಿಯೇ ಬೇಕಾಯಿತು. ಹೊನ್ನಾಳಿಯಲ್ಲಿ ಒಂದು ಫೋಟೋ ಸ್ಟುಡಿಯೋದ ಹಿಂದೆ, ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದ ಪುಟ್ಟ ಕೋಣೆಯಲ್ಲಿ ಕೂತು ನಾನು ಓದುತ್ತೇನೆ. ಅದನ್ನು ರೆಕಾರ್ಡ್ ಮಾಡಿ ತುಂಬಿಕೊಂಡು ಆಟೋಗಳು ಚನ್ನಗಿರಿಯಿಂದ ಜಗಳೂರಿನವರೆಗೆ ತಿರುಗುತ್ತವೆ. ಮೊದಲು ಹಾಲೇಶ ಬಂದು ಕೇಳಿದ, ಆಮೇಲೆ ತಿಪ್ಪೇಶ ಬಂದು ಕೇಳಿದ. ಇಬ್ಬರಿಗೂ ಆಗುವುದಿಲ್ಲ ಎಂದರೆ ಇಬ್ಬರಿಗೂ ಸಿಟ್ಟು. ಒಬ್ಬನಿಗೆ ಹೂಂ ಎಂದರೆ ಇನ್ನೊಬ್ಬನಿಗೆ ಸಿಟ್ಟು. ಹೀಗೆ ನಿಧಾನವಾಗಿ ಯೋಚಿಸಿ ಇಬ್ಬರಿಗೂ ಹೂಂ ಎಂದೆ. ಇದನ್ನು ನಾನು ನಿಷ್ಪಕ್ಷಪಾತ ಎಂದು ಕರೆಯುತ್ತೇನೆ. ನನ್ನ ಹೆಂಡತಿ ಗಿರಿಜಮ್ಮ ಬೇರೆ ಏನೋ ಕರೆಯುತ್ತಾಳೆ.

ಆ ಕಂಬಳಿ ಕೋಣೆಯಲ್ಲಿ ಕೂತೇ ನಾನು ಪ್ರಣಾಳಿಕೆಗಳ ಹುಟ್ಟನ್ನು ಹತ್ತಿರದಿಂದ ಕಂಡದ್ದು. ಒಮ್ಮೆ ಜಗಳೂರಿನ ಕಡೆಯ ಒಂದು ಊರಿನವರು ಬಂದಿದ್ದರು. ಒಂದು ಪಕ್ಷದವರು ‘ನಮ್ಮನ್ನು ಗೆಲ್ಲಿಸಿದರೆ ಕೆರೆಯ ಹೂಳು ತೆಗೆಸುತ್ತೇವೆ’ ಎಂದು ಓದಿಸಿಕೊಂಡು ಹೋದರು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಇನ್ನೊಂದು ಪಕ್ಷದವನು ಒಳಗೆ ಬಂದ. ಅವನ ಚೀಟಿಯಲ್ಲೂ ಮೊದಲ ಸಾಲು ಅದೇ ಇತ್ತು. ಅವನು ನನ್ನ ಪೆನ್ನನ್ನೇ ಇಸಿದುಕೊಂಡು ಅದನ್ನು ಹೊಡೆದುಹಾಕಿ, ‘ನಮ್ಮ ಕೆರೆಯ ಹೂಳನ್ನು ಪ್ರಾಣ ಕೊಟ್ಟಾದರೂ ಉಳಿಸಿಕೊಳ್ಳುತ್ತೇವೆ’ ಎಂದು ಬರೆದ. ನಾನು ಹೆದರುತ್ತಲೇ ಕೇಳಿದೆ, “ಅಲ್ಲಪ್ಪಾ, ಹೂಳು ತೆಗೆಯಬೇಕು ಅಂತ ನಿಮಗೂ ಇತ್ತಲ್ಲ?”

“ಈಗ್ಲೂ ಐತೆ ಸಾರ್. ಆದ್ರೆ ಅವ್ರು ತೆಗಿಸ್ತೀವಿ ಅಂದ್ಬಿಟ್ರಲ್ಲ! ಈಗ ನಾವೂ ತೆಗಿಸ್ತೀವಿ ಅಂದ್ರೆ ಅವ್ರು ಹೇಳಿದ್ದು ಸರಿ ಅಂತ ನಾವೇ ಒಪ್ಕಂಡಂಗಾಗಲ್ವಾ? ನಮ್ ಹುಡುಗ್ರು ಸುಮ್ನಿರ್ತಾರಾ? ಓದ್ರಿ ನೀವು, ಸ್ವಲ್ಪ ರೋಷ ಇರ್ಲಿ.”

ರೋಷದಿಂದಲೇ ಓದಿದೆ. ಕೆರೆಯ ಹೂಳಿನ ಬಗ್ಗೆ ಅಷ್ಟು ಅಭಿಮಾನದಿಂದ ಇದುವರೆಗೆ ಯಾರೂ ಮಾತಾಡಿರಲಾರರು.

ಬಸವಾಪಟ್ಟಣದಲ್ಲಿ ಇನ್ನೊಂದು ಬಗೆ ನೋಡಿದೆ. ಅಲ್ಲಿ ಭರವಸೆಗಳಿಗಿಂತ ವೇದಿಕೆಯ ಎತ್ತರದಲ್ಲೇ ಪೈಪೋಟಿ. ಒಬ್ಬರ ವೇದಿಕೆ ಸೊಂಟದೆತ್ತರ ಇತ್ತೆಂದು ಇನ್ನೊಬ್ಬರು ಎದೆಯೆತ್ತರ ಕಟ್ಟಿದರು. ಅದನ್ನು ಕಂಡು ಮೊದಲಿನವರು ತಮ್ಮದನ್ನು ಬಿಚ್ಚಿ ತಲೆಯೆತ್ತರ ಮಾಡಿದರು. ಕೊನೆಗೆ ಭಾಷಣ ಕೇಳಲು ಬಂದವರಿಗೆ ಅಭ್ಯರ್ಥಿಯ ಗದ್ದದ ಕೆಳಭಾಗ ಮಾತ್ರ ಕಾಣುತ್ತಿತ್ತು. ಜನ ಅಷ್ಟಕ್ಕೇ ಕೈಮುಗಿದು ಮನೆಗೆ ಹೋದರು. ಈ ರೋಗ ನಮ್ಮ ಊರಿಗೂ ಅಂಟಿ, ಎಲ್ಲೆಲ್ಲಿಯೂ ಹಲಗೆಗಳಿಗೆ ಬರ ಬಂತು. ಇದನ್ನು ಯಾಕೆ ಹೇಳಿದೆ ಎಂದರೆ ಮುಂದೆ ನನ್ನ ಮನೆಯ ಹಲಗೆಗಳ ವಿಷಯ ಬರುತ್ತದೆ.

ಈಗ ಚರಂಡಿ. ನನ್ನ ಮನೆಯ ಗೇಟಿಗೂ ರಸ್ತೆಗೂ ನಡುವೆ ಒಂದು ಸರ್ಕಾರಿ ಚರಂಡಿ ಇದೆ. ಅದರ ಮೇಲೆ ಒಂದು ಚಪ್ಪಡಿ ಕಲ್ಲು ಇತ್ತು. ಮನೆ ಕಟ್ಟಿದಾಗಿನಿಂದಲೂ ಇದ್ದ ಕಲ್ಲು. ಅದರ ಮೇಲೆ ಗಿರಿಜಮ್ಮ ರಂಗೋಲಿ ಹಾಕುತ್ತಿದ್ದಳು. ಚುನಾವಣೆಯ ಕಾವು ಏರುವ ಹೊತ್ತಿಗೆ ಸರಿಯಾಗಿ ಅವಳ ಮಂಡಿಗೆ ಆಪರೇಷನ್ ಆಗಿತ್ತು. ಡಾಕ್ಟರು ನಡೆಯಬೇಕು ಎಂದಿದ್ದರು. ಹಾರಬಾರದು, ಹತ್ತಬಾರದು ಎಂದಿದ್ದರು. ಸಂತೇಬೆನ್ನೂರಿನಲ್ಲಿ ಅವಳ ತಂಗಿಯ ಮಗಳ ಮದುವೆ ಗೊತ್ತಾಗಿತ್ತು. ಆ ಹುಡುಗಿಯನ್ನು ಎಳವೆಯಲ್ಲಿ ನಮ್ಮ ಮನೆಯಲ್ಲೇ ಇಟ್ಟುಕೊಂಡು ಸಾಕಿದವಳು ಗಿರಿಜಮ್ಮ. ಮದುವೆಗೆ ಹೋಗಬೇಕು ಎಂಬ ಒಂದೇ ಹಟದ ಮೇಲೆ ಅವಳು ದಿನವೂ ನಡುಮನೆಯಿಂದ ಗೇಟಿನವರೆಗೆ ನಡೆದು ಅಭ್ಯಾಸ ಮಾಡುತ್ತಿದ್ದಳು.

ಮುಂದಿನದನ್ನು ನಾನು ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದೆ. ಸವಳಂಗದ ಕಡೆಯಿಂದ ಹಾಲೇಶನವರ ಟ್ರ್ಯಾಕ್ಟರು ವೇದಿಕೆಯ ಸಾಮಾನು ಹೇರಿಕೊಂಡು ಬಂತು. ಹೊನ್ನಾಳಿ ಕಡೆಯಿಂದ ತಿಪ್ಪೇಶನವರ ಟೆಂಪೋ ಕುರ್ಚಿ ಹೇರಿಕೊಂಡು ಬಂತು. ನಮ್ಮ ಬೀದಿಯಲ್ಲಿ ಒಂದು ಗಾಡಿಗೆ ಮಾತ್ರ ದಾರಿ. ಎರಡೂ ನನ್ನ ಗೇಟಿನ ಮುಂದೆ ಮೂತಿಗೆ ಮೂತಿ ಕೊಟ್ಟು ನಿಂತವು. ಯಾರಾದರೊಬ್ಬರು ನಾಲ್ಕು ಮಾರು ಹಿಂದಕ್ಕೆ ಹೋಗಿದ್ದರೆ ಮುಗಿಯುತ್ತಿತ್ತು.

“ಗಾಡಿ ಹಿಂದಕ್ಕೆ ತಗಳ್ರೋ!” ಎಂದು ಹಾಲೇಶ ಟ್ರ್ಯಾಕ್ಟರಿನ ಮೇಲಿಂದ ಕೂಗಿದ.

“ನಿಮ್ಮ ಪಾರ್ಟಿ ಹಿಂದಕ್ಕೆ ಹೋಗೋದು ಊರಿಗೇ ಗೊತ್ತೈತೆ, ನೀವೇ ಹೋಗ್ರಿ,” ಎಂದ ತಿಪ್ಪೇಶ. “ನಾವು ಮುಂದಿಟ್ಟ ಗಾಲಿ ಹಿಂದಿಡಲ್ಲ.”

“ಹಂಗಾದ್ರೆ ಇಲ್ಲೇ ಮನೆ ಕಟ್ಕಳ್ರಿ.”

“ಕಟ್ತೀವಿ. ಆಮೇಲೆ ನಿಮ್ಮನ್ನ ಬಾಡಿಗೆಗೆ ಇಟ್ಕಂತೀವಿ.”

ಟ್ರ್ಯಾಕ್ಟರು ಹಿಂದಕ್ಕೆ ಹೋಗದೆ ಪಕ್ಕಕ್ಕೆ ಸರಿದು ದಾಟಲು ನೋಡಿತು. ಅದರ ದೊಡ್ಡ ಗಾಲಿ ನನ್ನ ಚಪ್ಪಡಿಯ ಮೇಲೆ ಹತ್ತಿತು. ಆಗಲೂ ಕಲ್ಲು ತಡೆದುಕೊಂಡಿತ್ತು. ಆದರೆ ಅವರು ಸರಿದಾಗ ತಾವು ಸುಮ್ಮನೆ ನಿಂತರೆ ಸೋತಂತಾಗುತ್ತದೆ ಎಂದು ಟೆಂಪೋದವನು ಗೇಣುದ್ದ ಮುಂದೆ ಬಂದ. ಟ್ರ್ಯಾಕ್ಟರು ಇನ್ನೂ ಗೇಣುದ್ದ ಒಳಗೆ ಸರಿಯಿತು. ಕಲ್ಲು ಲಟ್ಟನೆ ಮುರಿದು ಚರಂಡಿಗೆ ಬಿತ್ತು. ನಾನು ಎದ್ದು ನಿಂತೆ, ಮತ್ತೆ ಕೂತೆ. ಕಾಫಿ ಪಂಚೆಯ ಮೇಲಿತ್ತು. ಗೇಟಿನವರೆಗೆ ಬಂದಿದ್ದ ಗಿರಿಜಮ್ಮ ಚರಂಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಇಬ್ಬರೂ ಚರಂಡಿ ಹಾರಿ ಜಗಲಿಗೆ ಬಂದರು. “ಸಾರ್, ನೀವೇ ಕಂಡೀರಿ. ಯಾರು ಮುರಿದಿದ್ದು ಹೇಳ್ರಿ” ಎಂದ ಹಾಲೇಶ. “ಹೌದು, ಹೇಳ್ರಿ” ಎಂದ ತಿಪ್ಪೇಶ. ಇಬ್ಬರೂ ಕೂಡಿ ಆಡಿದ ಮಾತು ಅದೊಂದೇ. ನಾನು ಒಂದಕ್ಷರವೂ ಹೆಚ್ಚುಕಡಿಮೆಯಾಗದಂತೆ ಹೇಳಿದೆ: ಮುರಿದದ್ದು ಟ್ರ್ಯಾಕ್ಟರಿನ ಗಾಲಿಯಿಂದ, ಗಾಲಿ ಒಳಕ್ಕೆ ಸರಿದದ್ದು ಟೆಂಪೋ ಮುಂದೆ ಬಂದದ್ದರಿಂದ, ಕಲ್ಲಿನ ಅಂಚಿನಲ್ಲಿ ಮೊದಲೇ ಒಂದು ಸೀಳೂ ಇತ್ತು. ನಿಜವನ್ನು ಇಷ್ಟು ಕರಾರುವಾಕ್ಕಾಗಿ ಹೇಳಿದರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ ಎಂಬುದು ಅವರ ಮುಖ ನೋಡಿದ ಮೇಲೆ ತಿಳಿಯಿತು. ಇಬ್ಬರೂ ನನ್ನ ಹೇಳಿಕೆಯಲ್ಲಿ ತಮಗೆ ಬೇಕಾದ ಅರ್ಧವನ್ನು ಹರಿದುಕೊಂಡು ಹೋದರು.

ಸಂಜೆಗೆ ಹಾಲೇಶ ಹೊಸ ಚೀಟಿ ತಂದ. ‘ಎದುರಾಳಿಗಳ ದೌರ್ಜನ್ಯದಿಂದ ಮುರಿದ ಮೇಷ್ಟ್ರ ಮನೆ ಚಪ್ಪಡಿಯನ್ನು ನಾವು ಗೆದ್ದ ಕೂಡಲೇ ಹಾಕಿಸುತ್ತೇವೆ.’ ನನಗೆ ಖುಷಿಯಾಯಿತು. ಇದೇ ಮಾತನ್ನು ತಿಪ್ಪೇಶನ ಕಡೆಯವರೂ ಹೇಳಿದರೆ ಯಾರು ಗೆದ್ದರೂ ಕಲ್ಲು ಬಂದೇ ಬರುತ್ತದಲ್ಲ ಎಂದು ಲೆಕ್ಕ ಹಾಕಿ, ಅವನಿಗೆ ನಾನೇ ಹೋಗಿ ಹೇಳಿದೆ. ಅವನು ನನ್ನನ್ನು ಕನಿಕರದಿಂದ ನೋಡಿದ.

“ಸಾರ್, ಅವ್ರು ಚಪ್ಪಡಿ ಅಂದ್ಮೇಲೆ ನಾವೂ ಚಪ್ಪಡಿ ಅನ್ನಾಕೆ ಆಗುತ್ತಾ? ನಾವು ಸ್ಲ್ಯಾಬ್ ಹಾಕಿಸ್ತೀವಿ. ಕಬ್ಬಿಣ ಕಟ್ಟಿ, ಕಾಂಕ್ರೀಟ್ ಹಾಕಿ.”

ಮರುದಿನ ಹಾಲೇಶ ಬಂದು, ಸ್ಲ್ಯಾಬಿಗೆ ಎರಡು ಕಡೆ ಕಂಬಿ ಇಡಿಸುವುದಾಗಿ ಓದಿಸಿಕೊಂಡ. ತಿಪ್ಪೇಶ ಕಂಬಿಯ ಜೊತೆಗೆ ದೀಪದ ಕಂಬ ಸೇರಿಸಿದ. ಹಾಲೇಶನವರು ಅದಕ್ಕೆ ಸೇತುವೆ ಎಂದು ಹೆಸರಿಟ್ಟರು. ತಿಪ್ಪೇಶನವರು ಆ ಸೇತುವೆಗೆ ಯಾರ ಹೆಸರಿಡಬೇಕು ಎಂಬುದನ್ನು ಘೋಷಿಸಿದರು. ಒಂದು ಹೆಂಗಸು ಮಂಡಿ ನೋವಿಲ್ಲದೆ ಗೇಟು ದಾಟುವ ವಿಚಾರ ಹೀಗೆ ಬೆಳೆದು ಬೆಳೆದು ಎರಡು ಪಕ್ಷಗಳ ಮಾನದ ಪ್ರಶ್ನೆಯಾಯಿತು. ಊರಿನ ಕುಡಿಯುವ ನೀರಿನ ಮಾತು ಕರಪತ್ರದಲ್ಲಿ ಒಂದು ಸಾಲು ಇತ್ತು; ಸೇತುವೆಗೆ ಜಾಗ ಸಾಲದೆ ಅದನ್ನೂ ತೆಗೆದರು. ಎಲ್ಲವನ್ನೂ ನಾನೇ ಓದಿದೆ. ಬೆಳಿಗ್ಗೆ ಒಬ್ಬರದ್ದು, ಮಧ್ಯಾಹ್ನ ಇನ್ನೊಬ್ಬರದ್ದು.

ಇದೆಲ್ಲ ಗೆದ್ದ ಮೇಲಿನ ಮಾತಾಯಿತು, ಸದ್ಯಕ್ಕೆ ನಾನೇ ಒಂದು ಕಲ್ಲು ಹಾಕಿಸಿಬಿಡೋಣ ಎಂದು ಗಾಡಿಯಲ್ಲಿ ಒಂದು ಚಪ್ಪಡಿ ತರಿಸಿದೆ. ಗಾಡಿ ನಿಲ್ಲುವ ಮೊದಲೇ ಬೀದಿಯ ಎರಡೂ ತುದಿಯಿಂದ ಜನ ಬಂದರು.

“ಏನ್ ಸಾರ್ ಇದು?” ಎಂದ ಹಾಲೇಶ, ನಾನೇನೋ ಕಳ್ಳಮಾಲು ಇಳಿಸುತ್ತಿರುವಂತೆ. “ನೀವೇ ಹಾಕ್ಕಂಡ್ರೆ ನಮ್ಮ ಭರವಸೆ ಏನಾಗ್ಬೇಕು? ಕರಪತ್ರ ಮನೆಮನೆಗೆ ಹಂಚಾಗೈತೆ.”

“ನಾಳೆ ನಿಮ್ ಕಲ್ಲು ತೋರಿಸಿ, ನಾವೇ ಹಾಕ್ಸಿದ್ದು ಅಂತ ಹೇಳ್ಕಂತಾರೆ ಇವ್ರು” ಎಂದ ತಿಪ್ಪೇಶ. “ನಾನಂತೂ ಬಿಡಾಕಿಲ್ಲ ಸಾರ್. ಬೇಜಾರ್ ಮಾಡ್ಕಬ್ಯಾಡ್ರಿ.”

“ಅಲ್ರಪ್ಪಾ, ನಿಮ್ಮ ಅಮ್ಮಾರು ಹೊರಗೆ ಬರುವುದು ಹೇಗೆ?”

“ಸ್ವಲ್ಪ ದಿನ ತಡ್ಕಳಾಕೆ ಹೇಳ್ರಿ. ಊರಿಗೋಸ್ಕರ,” ಎಂದರು, ಒಬ್ಬರ ಮುಖ ಒಬ್ಬರು ನೋಡದೆ.

ಗಾಡಿ ಕಲ್ಲಿನ ಸಮೇತ ವಾಪಸು ಹೋಯಿತು. ಇಬ್ಬರೂ ತಮ್ಮ ತಮ್ಮ ಭರವಸೆಯ ಗುರುತಿಗೆ ಚರಂಡಿಯ ಎರಡು ದಡದಲ್ಲಿ ಒಂದೊಂದು ಬಾವುಟ ನೆಟ್ಟರು. ನನ್ನ ಮನೆಯ ಮುಂದಿನ ಗುಂಡಿ ಅಷ್ಟು ಬೆಲೆಯುಳ್ಳದ್ದು ಎಂದು ನನಗೆ ಅಲ್ಲಿಯವರೆಗೂ ತಿಳಿದಿರಲಿಲ್ಲ.

ಹಿತ್ತಲಲ್ಲಿದ್ದ ಒಂದು ಹಳೆಯ ಹಲಗೆಯನ್ನು ಚರಂಡಿಯ ಮೇಲೆ ಅಡ್ಡ ಇಟ್ಟೆ. ಹಲಗೆಗೆ ಯಾರೂ ತಕರಾರು ಮಾಡಲಿಲ್ಲ. ಅದು ಯಾರ ಪ್ರಣಾಳಿಕೆಯಲ್ಲೂ ಇರಲಿಲ್ಲ. ಗಿರಿಜಮ್ಮ ಅದರ ಮೇಲೆ ಒಂದು ಹೆಜ್ಜೆ ಇಟ್ಟು ನೋಡಿ, “ಪರವಾಗಿಲ್ಲ, ಕೈ ಹಿಡ್ಕಂಡ್ರೆ ದಾಟಬೋದು” ಎಂದಳು. ಅದೇ ಸಂಜೆ ಹಾಲೇಶನ ಹುಡುಗರು ಬಂದು, ತಿಪ್ಪೇಶನವರ ವೇದಿಕೆ ತಮ್ಮದಕ್ಕಿಂತ ಎತ್ತರವಾಗಿದೆ, ಒಂದು ಹಲಗೆ ಕಡಿಮೆ ಬಿದ್ದಿದೆ, ಭಾಷಣ ಮುಗಿದ ಕೂಡಲೇ ತಂದುಕೊಡುತ್ತೇವೆ ಎಂದು ಅದನ್ನು ಎತ್ತಿಕೊಂಡು ಹೋದರು. ಆ ಹಲಗೆಯ ಮೇಲೆ ನಿಂತೇ ಅವರ ಅಭ್ಯರ್ಥಿ, ಮೇಷ್ಟ್ರ ಮನೆಯ ಮುಂದೆ ದಾಟಲು ಒಂದು ಹಲಗೆಗೂ ಗತಿಯಿಲ್ಲ ಎಂದು ಕಣ್ಣೀರು ಹಾಕಿದರು. ನಾನೇ ನಿರೂಪಣೆ ಮಾಡುತ್ತಿದ್ದೆನಾದ್ದರಿಂದ ಚಪ್ಪಾಳೆ ತಟ್ಟುವಂತೆ ಜನರಲ್ಲಿ ಕೇಳಿಕೊಂಡೆ.

ಬೆಳಗಾಗುತ್ತಲೇ ತಿಪ್ಪೇಶ ಬಂದ. “ಅವ್ರಿಗೆ ಹಲಗೆ ಕೊಟ್ರಂತೆ. ನಮಗೂ ಒಂದು ಕೊಡ್ರಿ. ಇಲ್ಲಾಂದ್ರೆ ಮೇಷ್ಟ್ರು ಅವ್ರ ಕಡೆ ಅಂತ ನಾನಲ್ಲ ಸಾರ್, ಜನ ಅಂತಾರೆ.” ಮನೆಯಲ್ಲಿ ಉಳಿದಿದ್ದದ್ದು ನನ್ನ ಮಂಚದ ಹಲಗೆ. ಅದನ್ನು ಬಿಚ್ಚಿ ಕೊಟ್ಟೆ. ಎರಡೂ ಹಲಗೆಗಳು ಶಾಮಿಯಾನದ ಸಾಮಾನಿನ ಜೊತೆ ಸೇರಿಕೊಂಡು ಚನ್ನಗಿರಿಯ ಕಡೆ ಹೋದವೆಂದು ತಿಳಿಯಿತು. ಈಗ ಯಾವ ಊರಿನಲ್ಲಿ ಯಾರ ಮಾತಿನ ಭಾರವನ್ನು ಹೊತ್ತಿವೆಯೋ. ನಾನು ಅಂದಿನಿಂದ ನೆಲದ ಮೇಲೆ ಮಲಗುತ್ತೇನೆ. ನಿಷ್ಪಕ್ಷಪಾತಿಗಳಿಗೆ ಬೆನ್ನುನೋವು ಇರುತ್ತದೆ ಎಂಬುದು ಈಚಿನ ನನ್ನ ಅನುಭವ.

ಪ್ರಚಾರದ ಕೊನೆಯ ದಿನ ಎರಡೂ ಕಡೆಯ ಆಟೋಗಳು ನನ್ನ ಗೇಟಿನ ಮುಂದೆಯೇ ಎದುರಾದವು. ಯಾವುದೂ ಹಿಂದಕ್ಕೆ ಹೋಗಲಿಲ್ಲ, ಯಾವುದೂ ದನಿ ತಗ್ಗಿಸಲಿಲ್ಲ. ಒಂದು ಆಟೋದಲ್ಲಿ ನಾನು, “ಸುಳ್ಳು ಭರವಸೆಗಳಿಗೆ ಮರುಳಾಗಬೇಡಿ, ಮೇಷ್ಟ್ರ ಮನೆಯ ಸೇತುವೆ ನಮ್ಮಿಂದಲೇ!” ಎಂದು ಗುಡುಗುತ್ತಿದ್ದೆ. ಇನ್ನೊಂದು ಆಟೋದಲ್ಲಿ ನಾನು, “ಯಾರು ಸುಳ್ಳುಗಾರರೆಂದು ಬಲ್ಲಿರಿ, ಮಹಾಜನಗಳೇ!” ಎಂದು ನನಗೇ ಉತ್ತರ ಕೊಡುತ್ತಿದ್ದೆ. ಜಗಲಿಯ ಮೇಲೆ ಕೂತಿದ್ದ ನಾನು ಮಾತ್ರ ಸುಮ್ಮನಿದ್ದೆ. ಬೀದಿಯ ಜನ ಒಮ್ಮೆ ಆ ಆಟೋ ನೋಡಿದರು, ಒಮ್ಮೆ ಈ ಆಟೋ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಗಿರಿಜಮ್ಮ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

“ಆ ಕಡೇನೂ ನೀವೇ ಮಾತಾಡ್ತೀರಿ, ಈ ಕಡೇನೂ ನೀವೇ ಮಾತಾಡ್ತೀರಿ. ನಡುವೆ ಒಂದು ಕಲ್ಲು ಹಾಕ್ಸಾಕೆ ನಿಮ್ ಕೈಲಿ ಆಗಲಿಲ್ವಾ?”

ಮೂರು ಜನ ನಾನು ಇದ್ದೆವು. ಆಟೋದ ಇಬ್ಬರು ಗುಡುಗುತ್ತಲೇ ಇದ್ದರು, ಜಗಲಿಯವನು ಎದ್ದು ಅವಳಿಗೆ ಕುರ್ಚಿ ಸರಿಸಿದ.

ಮತದಾನದ ದಿನವೇ ಸಂತೇಬೆನ್ನೂರಿನ ಮದುವೆ. ಗಿರಿಜಮ್ಮ ಅದರ ಮಾತನ್ನೇ ಬಿಟ್ಟಿದ್ದಳು. ಆಸೆ ಕೈಬಿಟ್ಟಳು ಎಂದು ನಾನು ತಿಳಿದಿದ್ದೆ. ಅಂದು ಬೆಳಿಗ್ಗೆ ಅವಳು ರೇಷ್ಮೆ ಸೀರೆ ಉಟ್ಟು, ಮುಡಿಗೆ ಹೂವಿಟ್ಟು ಜಗಲಿಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. “ಓಟು ಹಾಕ್ಬೇಕು” ಎಂದಳು, ಅಷ್ಟೇ. ಆ ಮಾತು ಬೀದಿಯ ಎರಡೂ ತುದಿಗೆ ಹೇಗೆ ಮುಟ್ಟಿತೋ, ಹಾಲೇಶ, ತಿಪ್ಪೇಶ ಇಬ್ಬರೂ ಓಡಿ ಬಂದರು.

“ಅಮ್ಮಾ, ಸುಮ್ನೆ ಕೂತ್ಕಳ್ರಿ, ಕುರ್ಚಿ ಸಮೇತ ಎತ್ಕಂಡು ದಾಟಿಸ್ತೀನಿ” ಎಂದು ಹಾಲೇಶ ಕುರ್ಚಿಯ ಒಂದು ಕೈ ಹಿಡಿದ.

“ಅವ್ನು ಮುಟ್ಟಿದ್ರೆ ಓಟು ಅವ್ನಿಗೇ ಹೋಗುತ್ತೆ. ನಾನಿದೀನಲ್ಲ” ಎಂದು ತಿಪ್ಪೇಶ ಇನ್ನೊಂದು ಕೈ ಹಿಡಿದ.

“ಬಿಡ್ಲೇ.”

“ನೀನ್ ಬಿಡ್ಲೇ.”

“ಇಬ್ರೂ ಬಿಡಬ್ಯಾಡ್ರಿ,” ಎಂದಳು ಗಿರಿಜಮ್ಮ. “ಒಬ್ಬ ಬಿಟ್ರೆ ನಾನು ಚರಂಡಿಗೇ. ಎತ್ರಿ.”

ಎತ್ತಿದರು. ತಾನು ಮೊದಲು ಇಳಿಸಿದರೆ ಸೋತಂತೆ ಎಂದು ಇಬ್ಬರೂ ತಿಳಿದಿದ್ದರಿಂದ, ಕುರ್ಚಿ ಒಂದು ಕೂದಲೆಳೆಯೂ ವಾಲದೆ, ಎರಡು ಬಾವುಟಗಳ ನಡುವೆ ಚರಂಡಿಯನ್ನು ದಾಟಿತು. ದಾಟಿದ ಮೇಲೂ ಇಳಿಸದೆ ಮತಗಟ್ಟೆಯ ಬೀದಿಯವರೆಗೂ ಹೊತ್ತುಕೊಂಡೇ ಹೋದರು. ನಮ್ಮೂರಿನ ಎರಡೂ ಪಕ್ಷಗಳು ಕೂಡಿ ಮಾಡಿದ ಅಭಿವೃದ್ಧಿ ಕೆಲಸ ಅದೊಂದೇ, ಅದಕ್ಕೆ ನಾನು ಕಣ್ಣಾರೆ ಕಂಡ ಸಾಕ್ಷಿ.

ಓಟು ಹಾಕಿ ಬಂದ ಗಿರಿಜಮ್ಮ ಮತ್ತೆ ಕುರ್ಚಿಯಲ್ಲಿ ಕೂರಲಿಲ್ಲ. ಬೀದಿಯ ಕೊನೆಯಲ್ಲಿ ಅವಳ ತಂಗಿಯ ಮಗ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದ. ಎಲ್ಲ ಮೊದಲೇ ಫೋನಿನಲ್ಲಿ ಮಾತಾಗಿತ್ತು, ಗೊತ್ತಿಲ್ಲದವನು ನಾನೊಬ್ಬನೇ. ಅವಳು ನೇರ ಹೋಗಿ ಕಾರಿನಲ್ಲಿ ಕೂತಳು. ನಾನೂ ಓಟು ಹಾಕಿ ಓಡಿಹೋಗಿ ಕೂತೆ. ಮುಹೂರ್ತ ಸಿಕ್ಕಿತು. ಹುಡುಗಿ ಗಿರಿಜಮ್ಮನನ್ನು ತಬ್ಬಿಕೊಂಡು ಅತ್ತಳು, ಗಿರಿಜಮ್ಮನೂ ಅತ್ತಳು. ಯಾರೋ ನನ್ನ ಕೈಗೆ ಮೈಕು ಕೊಟ್ಟರು.

ಸಂಜೆ ಹೊರಡೋಣವೇ ಎಂದೆ. “ನೀವು ಹೋಗ್ರಿ,” ಎಂದಳು. “ನಾನೀಗ ಒಳಗೆ ಹೋದ್ರೆ ಮತ್ತೆ ಹೊರಗೆ ಬರಾಕೆ ಮುಂದಿನ ಎಲೆಕ್ಷನ್ನೇ ಆಗ್ಬೇಕು. ಕಲ್ಲು ಹಾಕ್ಸಿ, ಫೋನ್ ಮಾಡ್ರಿ. ಬರ್ತೀನಿ.”

ಹಾಲೇಶನ ಕಡೆಯವರು ಗೆದ್ದರು. ಪಟಾಕಿಯ ಹೊಗೆ ಆರಿದ ಮೇಲೆ ನಾನು ಅವನ ಮನೆಗೆ ಹೋದೆ. ಅವನು ಚಹಾ ಕೊಟ್ಟು ಹೇಳಿದ, “ಹಾಕ್ಸೋಣ ಸಾರ್. ಆದ್ರೆ ಅಮ್ಮಾರು ಊರಲ್ಲೇ ಇಲ್ವಲ್ಲ, ಅರ್ಜೆಂಟ್ ಏನೈತೆ? ಅವ್ರು ಬರ್ಲಿ, ಅವ್ರ ಕೈಲೇ ಪೂಜೆ ಮಾಡ್ಸಿ ಶುರು ಮಾಡೋಣ.” ಅವಳು ಬರಬೇಕಾದರೆ ಕಲ್ಲು ಇರಬೇಕು, ಕಲ್ಲು ಬರಬೇಕಾದರೆ ಅವಳು ಇರಬೇಕು ಎಂದು ವಿವರಿಸಿದೆ. “ಅದೇ ನೋಡ್ರಿ ಕಷ್ಟ” ಎಂದು ಅವನೂ ಮರುಗಿದ. ಅಲ್ಲಿಂದ ತಿಪ್ಪೇಶನ ಮನೆಗೆ ಹೋಗಿ, ನೀನಾದರೂ ಅಡ್ಡ ಬರಬೇಡ, ನಾನೇ ಕಲ್ಲು ತಂದು ಹಾಕಿಕೊಳ್ಳುತ್ತೇನೆ ಎಂದೆ. ಅವನು ಕೈ ಮುಗಿದ. “ಹಂಗ್ ಮಾತ್ರ ಮಾಡಬ್ಯಾಡ್ರಿ ಸಾರ್. ಅವ್ರು ಮಾತು ತಪ್ಪಿದ್ರು ಅಂತ ತೋರ್ಸಾಕೆ ನಮಗಿರೋದು ಅದೊಂದೇ ಗುಂಡಿ. ಅದರ ಮುಂದೇನೇ ಧರಣಿ ಕೂರ್ತೀವಿ. ನೀವೇ ಮೈಕಲ್ಲಿ ಎರಡು ಮಾತಾಡ್ಬೇಕು.” ನಾನು ಎಂದಿನಂತೆ ನಿಧಾನವಾಗಿ ಯೋಚಿಸಿ, ಹೂಂ ಎಂದೆ.

ಮನೆಗೆ ಬಂದು ಚರಂಡಿ ಹಾರಿ, ಅನ್ನಕ್ಕಿಟ್ಟು ಕೂತಿದ್ದಾಗ ಗಿರಿಜಮ್ಮನ ಫೋನು ಬಂತು.

“ಕಲ್ಲು ಬಿತ್ತಾ?”

ನಾನು ಮೈಕಿನ ಮುಂದೆ ಮಾಡುವಂತೆ ಒಮ್ಮೆ ಗಂಟಲು ಸರಿಮಾಡಿಕೊಂಡೆ. ಅದು ಅಭ್ಯಾಸ, ಬೇಕೆಂದು ಮಾಡಿದ್ದಲ್ಲ. “ಅತಿ ಶೀಘ್ರದಲ್ಲೇ ಹಾಕಿಸಲಾಗುವುದು” ಎಂದೆ.

ಅವಳು ಬಹಳ ಮೆತ್ತಗೆ ಕೇಳಿದಳು:

“ಯಾವ ಆಟೋದಿಂದ ಮಾತಾಡ್ತಿದೀರಿ?”